ಸೇಡಿಗೆ ಮೊದಲು ಸೂರು ನೋಡಿಕೊಳ್ಳಿ

ಮಕ್ಕಳೇ, ಲಗ್ನಪತ್ರಿಕೆ ಹಿಡಿದು ಮನೆಗೆ ಬಂದಾಗ ನೀವು ಆಶೀರ್ವಾದ ಕೇಳುತ್ತೀರಿ, ನಾವು ತುಂಬು ಮನಸ್ಸಿನಿಂದ ಕೊಡುತ್ತೇವೆ. ಆದರೆ ಆ ಮದುವೆಯಲ್ಲಿ ನಂಬಿಕೆ ಮುರಿದರೆ ಏನು ಮಾಡಬೇಕು ಅನ್ನುವುದನ್ನು ಮಾತ್ರ ಹಿರಿಯರು ಬಾಯಿಬಿಟ್ಟು ಹೇಳುವುದಿಲ್ಲ. ಮಾನದ ಮಾತೆಂದು ಮುಚ್ಚಿಡುತ್ತೇವೆ. ಮುಚ್ಚಿಟ್ಟದ್ದರಿಂದ ಯಾವ ಮನೆ ಉಳಿದದ್ದನ್ನೂ ನಾನು ಕಂಡಿಲ್ಲ. ಬಂಗಾರಪೇಟೆ, ಕೆಜಿಎಫ್ ಕೋರ್ಟುಗಳ ಅಂಗಳದಲ್ಲೇ ತಲೆ ನರೆತ ವಕೀಲ ನಾನು. ಗಂಡನೋ ಹೆಂಡತಿಯೋ ದಾರಿ ತಪ್ಪಿದಾಗ ಕಾನೂನು ಏನು ಕೊಡುತ್ತದೆ, ಏನು ಕೊಡುವುದಿಲ್ಲ, ದುಡ್ಡಿನ ಗತಿ ಏನಾಗುತ್ತದೆ ಎಂಬುದನ್ನು ಇವತ್ತು ನೇರವಾಗಿ ಹೇಳಿಬಿಡುತ್ತೇನೆ.

ಇಂಥ ಸುದ್ದಿ ಗೊತ್ತಾಗಿ ನನ್ನ ಮುಂದೆ ಬಂದು ಕೂತವರೆಲ್ಲ ಮೊದಲು ಕೇಳುವುದು ಒಂದೇ ಪ್ರಶ್ನೆ: “ಸಾರ್, ಒಳಗೆ ಹಾಕಿಸೋಕೆ ಆಗಲ್ವಾ?”

ಆಗುವುದಿಲ್ಲ. 1860ರ ಭಾರತೀಯ ದಂಡ ಸಂಹಿತೆಯ 497ನೇ ಕಲಮಿನಲ್ಲಿ ವ್ಯಭಿಚಾರಕ್ಕೆ 5 ವರ್ಷದವರೆಗೆ ಸೆರೆವಾಸ ಇತ್ತು, ನಿಜ. ಆದರೆ ಅದು ಎಂಥ ಕಾನೂನಾಗಿತ್ತು ಗೊತ್ತೇ? ತನ್ನ ಹೆಂಡತಿಯ ಜೊತೆ ಸಂಬಂಧ ಇಟ್ಟುಕೊಂಡ ಗಂಡಸಿನ ಮೇಲೆ ಗಂಡ ದೂರು ಕೊಡಬಹುದಿತ್ತು. ದಾರಿ ತಪ್ಪಿದ ಗಂಡನ ಮೇಲೆ ಹೆಂಡತಿ ದೂರು ಕೊಡುವ ಹಾಗೆಯೇ ಇರಲಿಲ್ಲ. ಹೆಣ್ಣು ಗಂಡನ ಸ್ವತ್ತು ಎಂಬ ಭಾವನೆ ಅದರ ಬುಡದಲ್ಲೇ ಇತ್ತು. 2018ರ ಸೆಪ್ಟೆಂಬರ್ 27ರಂದು ಜೋಸೆಫ್ ಶೈನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಆ ಕಲಮನ್ನು ರದ್ದುಮಾಡಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲೂ ಆ ಅಪರಾಧ ಇಲ್ಲ. ಹಾಗಾಗಿ ರಾಬರ್ಟ್‌ಸನ್‌ಪೇಟೆಯಲ್ಲಾಗಲಿ ಬಂಗಾರಪೇಟೆಯಲ್ಲಾಗಲಿ ಸ್ಟೇಷನ್ನಿಗೆ ಹೋಗಿ “ಇಬ್ಬರನ್ನೂ ಹಿಡಿದು ತನ್ನಿ” ಅಂದರೆ ಪೊಲೀಸರು ಹಿಡಿದು ತರುವಂತಿಲ್ಲ.

ಜೈಲಿಲ್ಲ ಎಂದ ಮಾತ್ರಕ್ಕೆ ಕಾನೂನು ಕೈಕಟ್ಟಿ ಕೂತಿದೆ ಎಂದು ತಿಳಿಯಬೇಡಿ. ಮದುವೆಯ ಕಟ್ಟು, ಜೀವನಾಂಶ, ಮನೆ, ಒಡವೆ, ಮಕ್ಕಳ ಪಾಲು, ಪಿಂಚಣಿ, ಎಲ್ಲದರ ಮೇಲೂ ಅದರ ಏಟು ಬೀಳುತ್ತದೆ. ನಾನು ಕಂಡ ಸಂಸಾರಗಳಲ್ಲಿ ಹೆಚ್ಚಿನ ನಷ್ಟ ಆದದ್ದು ಆ ಸಂಬಂಧದಿಂದಲ್ಲ, ಅದು ಗೊತ್ತಾದ ಮೇಲಿನ ಮೊದಲ ಕೆಲವು ವಾರಗಳಲ್ಲಿ ಸಿಟ್ಟಿನ ಕೈಗೆ ಬುದ್ಧಿ ಕೊಟ್ಟಿದ್ದರಿಂದ. ಸಿಟ್ಟಿನಲ್ಲಿ ಕೊಯ್ದ ಮೂಗು ಮತ್ತೆ ಬರುವುದಿಲ್ಲ. ಅದಕ್ಕೇ ಮೊದಲು ಸೂರು, ಆಮೇಲೆ ದುಡ್ಡು ಮತ್ತು ಕಾಗದಪತ್ರ, ಅದಾದ ಮೇಲೆ ಕೋರ್ಟು. ಈ ಸಾಲು ತಪ್ಪಿಸಬೇಡಿ.

ಮನೆ ಬಿಟ್ಟು ಹೊರಡಬೇಡಿ

ಹೆಣ್ಣುಮಕ್ಕಳಿಗೆ ಮೊದಲು ಹೇಳುತ್ತೇನೆ. ಸುದ್ದಿ ಗೊತ್ತಾದ ರಾತ್ರಿಯೇ ಎರಡು ಚೀಲ ತುಂಬಿಕೊಂಡು, ಮಕ್ಕಳ ಕೈಹಿಡಿದು, ಮೊದಲ ಬಸ್ಸಿಗೆ ತವರು ಸೇರುತ್ತೀರಿ. ಹೊಡೆತ ಬಡಿತ ಇದ್ದರೆ, ಪ್ರಾಣಭಯ ಇದ್ದರೆ ಹೊರಡಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಅಂಥ ಭಯ ಇಲ್ಲದಿದ್ದರೆ ನಿಮ್ಮ ಮನೆಯಲ್ಲೇ ಇರಿ. ತಪ್ಪು ಮಾಡಿದವರು ಒಳಗೆ, ನೊಂದವರು ಬೀದಿಯಲ್ಲಿ, ಇದು ಯಾವ ನ್ಯಾಯ?

“ಮನೆ ನನ್ನ ಹೆಸರಲ್ಲಿಲ್ಲವಲ್ಲ” ಎಂದು ಹೆದರಬೇಡಿ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ 17ನೇ ಕಲಮಿನ ಪ್ರಕಾರ ಗಂಡನ ಜೊತೆ ಸಂಸಾರ ಮಾಡಿದ ಮನೆಯಲ್ಲಿ ವಾಸಿಸುವ ಹಕ್ಕು ಹೆಂಡತಿಗಿದೆ. ಆ ಮನೆ ಬಾಡಿಗೆಯದ್ದಾಗಿರಲಿ, ಗಂಡನ ಹೆಸರಿನದ್ದಾಗಿರಲಿ ಹಕ್ಕು ಒಂದೇ. ಅತ್ತೆ ಮಾವನ ಹೆಸರಿನಲ್ಲಿದ್ದರೂ ಅದು ಸಂಸಾರದ ಮನೆಯೆನಿಸಬಹುದು ಎಂದು 2020ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಗಣಿಯ ಹಳೆಯ ಲೈನ್ ಮನೆಗಳಲ್ಲಿ ಇರುವವರು ಈ ಮಾತನ್ನು ಗಟ್ಟಿಯಾಗಿ ನೆನಪಿಟ್ಟುಕೊಳ್ಳಿ. 2001ರ ಫೆಬ್ರುವರಿ 28ರಂದು ಚಿನ್ನದ ಗಣಿ ಮುಚ್ಚಿದ ಮೇಲೆ ಎಷ್ಟೋ ಕುಟುಂಬಗಳಿಗೆ ಉಳಿದದ್ದು ಆ ಎರಡು ಕೋಣೆಯ ಸೂರು ಮಾತ್ರ. ಮಂಜೂರಾತಿ ಕಾಗದ ಅಪ್ಪನ ಹೆಸರಿನಲ್ಲೋ ತಾತನ ಹೆಸರಿನಲ್ಲೋ ಇರುತ್ತದೆ. ಕಾಗದದಲ್ಲಿ ಸೊಸೆಯ ಹೆಸರಿಲ್ಲ ಎಂದು ಅವಳನ್ನು ಹೊಸಿಲು ದಾಟಿಸಿ ಕಳಿಸುವ ಅಧಿಕಾರ ಯಾರಿಗೂ ಬರುವುದಿಲ್ಲ. ಹೊರಹಾಕದಂತೆ, ಮನೆ ಮಾರದಂತೆ, ಜಂಟಿ ಖಾತೆಯ ಹಣ ಖಾಲಿ ಮಾಡದಂತೆ ಮ್ಯಾಜಿಸ್ಟ್ರೇಟ್ ಆದೇಶ ಕೊಡಬಹುದು.

ಗಂಡುಮಕ್ಕಳಿಗೂ ಇದೇ ಬುದ್ಧಿಮಾತು. ಹೆಂಡತಿಯ ಮೇಲೆ ಅನುಮಾನ ಬಂತೆಂದು ಕೈಮಾಡಿದರೆ, ರಾತ್ರೋರಾತ್ರಿ ಅವಳ ಸಾಮಾನು ಬೀದಿಗೆಸೆದರೆ, ಅದುವರೆಗೂ ನೊಂದವನಾಗಿದ್ದ ನೀನು ಆ ಗಳಿಗೆಯಿಂದ ಆರೋಪಿಯಾಗುತ್ತೀಯ. ಅವಳ ತಪ್ಪು ಅಪರಾಧವಲ್ಲ, ನಿನ್ನ ಏಟು ಅಪರಾಧ. ಎಂಥ ಒಳ್ಳೆಯ ಕೇಸೂ ಅಲ್ಲಿಗೆ ಕೆಡುತ್ತದೆ.

ಛಾಪಾ ಕಾಗದದ ಬಿಡುಗಡೆ ಬಿಡುಗಡೆಯಲ್ಲ

ನಮ್ಮ ಸೀಮೆಯಲ್ಲಿ ಮನೆ ಬಿಟ್ಟು ಹೊರಡುವುದಕ್ಕಿಂತ ದೊಡ್ಡ ಅನಾಹುತ ಇನ್ನೊಂದಿದೆ. ಊರ ಹಿರಿಯರು ಸೇರುತ್ತಾರೆ, ಎರಡೂ ಕಡೆಯವರನ್ನು ಕೂರಿಸುತ್ತಾರೆ. ಇಷ್ಟು ದುಡ್ಡು, ಇಷ್ಟು ಪಾತ್ರೆಪಗಡೆ ಎಂದು ತೀರ್ಮಾನಿಸಿ ಛಾಪಾ ಕಾಗದದ ಮೇಲೆ “ಇಂದಿನಿಂದ ನಮಗೂ ಇವರಿಗೂ ಸಂಬಂಧವಿಲ್ಲ” ಎಂದು ಬರೆಸುತ್ತಾರೆ. ನೋಟರಿಯ ಮುದ್ರೆ ಬೀಳುತ್ತದೆ, ಸಾಕ್ಷಿಗಳ ಹೆಬ್ಬೆಟ್ಟು ಬೀಳುತ್ತದೆ. ಎಲ್ಲರೂ ಟೀ ಕುಡಿದು ಏಳುತ್ತಾರೆ.

ಆ ಕಾಗದದಿಂದ ವಿಚ್ಛೇದನ ಆಗುವುದಿಲ್ಲ. ಬಿಡುಗಡೆಯ ಪದ್ಧತಿ ನಿಮ್ಮ ಸಮುದಾಯದಲ್ಲಿ ಹಿಂದಿನಿಂದ ನಡೆದುಬಂದಿದೆ ಎಂದು ಕೋರ್ಟಿನಲ್ಲಿ ಸಾಬೀತು ಮಾಡಿದರೆ ಮಾತ್ರ ಹಿಂದೂ ವಿವಾಹ ಕಾಯ್ದೆ ಅದಕ್ಕೆ ಬೆಲೆ ಕೊಡುತ್ತದೆ. ಅದನ್ನು ಸಾಬೀತು ಮಾಡುವುದು ಬಹಳ ಕಷ್ಟ. ಆ ಕಾಗದ ನಂಬಿ ಇನ್ನೊಂದು ಮದುವೆಯಾದರೆ ಅದು ಕಾನೂನಿನ ಕಣ್ಣಿಗೆ ಮದುವೆಯೇ ಅಲ್ಲ. ಅಷ್ಟೇ ಅಲ್ಲ, ಭಾರತೀಯ ನ್ಯಾಯ ಸಂಹಿತೆಯ 82ನೇ ಕಲಮಿನಡಿ 7 ವರ್ಷದವರೆಗೆ ಸೆರೆವಾಸದ ಅಪರಾಧ. ಮೊದಲ ಮದುವೆಯನ್ನು ಮುಚ್ಚಿಟ್ಟು ಕಟ್ಟಿಕೊಂಡಿದ್ದರೆ 10 ವರ್ಷದವರೆಗೆ. ಎರಡನೇ ಮದುವೆಗಾಗಿ ಮತಾಂತರವಾದರೂ ತಪ್ಪಿಸಿಕೊಳ್ಳಲಾಗದು ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಗಮನಿಸಿ: ಸಂಬಂಧ ಅಪರಾಧವಲ್ಲ, ಎರಡನೇ ಮದುವೆ ಅಪರಾಧ. ತಾಳಿ, ಸಪ್ತಪದಿ, ಶಾಸ್ತ್ರಗಳು ನಡೆದದ್ದಕ್ಕೆ ಸಾಕ್ಷಿ ಬೇಕು. ಬರೀ “ಇಬ್ಬರೂ ಒಟ್ಟಿಗೆ ಇದ್ದಾರೆ” ಎಂದರೆ ಸಾಲದು.

ಬೇರೆಯಾಗಲೇಬೇಕು ಎಂದು ತೀರ್ಮಾನವಾದರೆ ದಾರಿ ಇದೆ. 1955ರ ಹಿಂದೂ ವಿವಾಹ ಕಾಯ್ದೆಯ 13ನೇ ಕಲಮಿನಲ್ಲಿ ವ್ಯಭಿಚಾರ ವಿಚ್ಛೇದನಕ್ಕೆ ನೇರ ಕಾರಣ. ಮೊದಲು “ವ್ಯಭಿಚಾರದಲ್ಲಿ ಬದುಕುತ್ತಿದ್ದಾರೆ” ಎಂದು ತೋರಿಸಬೇಕಿತ್ತು. 1976ರ ತಿದ್ದುಪಡಿಯ ನಂತರ ಒಂದು ಸಲದ ತಪ್ಪೂ ಸಾಕು. ಕೆಜಿಎಫ್‌ನಲ್ಲಿ ಕ್ರೈಸ್ತ ಕುಟುಂಬಗಳು ಬಹಳ. ಅವರಿಗೆ 1869ರ ವಿಚ್ಛೇದನ ಕಾಯ್ದೆ ಅನ್ವಯ. 2001ರವರೆಗೆ ಗಂಡ ದಾರಿ ತಪ್ಪಿದ ಎಂಬುದೊಂದೇ ಕ್ರೈಸ್ತ ಹೆಂಡತಿಗೆ ಸಾಕಾಗುತ್ತಿರಲಿಲ್ಲ, ಜೊತೆಗೆ ಕ್ರೌರ್ಯವನ್ನೋ ತೊರೆದುಹೋದದ್ದನ್ನೋ ತೋರಿಸಬೇಕಿತ್ತು. ಗಂಡನಿಗೆ ಮಾತ್ರ ಹೆಂಡತಿಯ ತಪ್ಪೊಂದೇ ಸಾಕಿತ್ತು. ಆ ತಾರತಮ್ಯ 2001ರ ತಿದ್ದುಪಡಿಯಿಂದ ಹೋಯಿತು. ಮುಸ್ಲಿಂ ಹೆಣ್ಣುಮಕ್ಕಳಿಗೆ 1939ರ ಕಾಯ್ದೆ ಇದೆ. ಗಂಡ ಕೆಟ್ಟ ಸಹವಾಸದಲ್ಲಿ ಬದುಕುತ್ತಿದ್ದರೆ ಅದನ್ನು ಕ್ರೌರ್ಯವೆಂದು ಪರಿಗಣಿಸಿ ವಿಚ್ಛೇದನ ಕೇಳಬಹುದು. ಬೇರೆ ಬೇರೆ ಧರ್ಮದವರು ವಿಶೇಷ ವಿವಾಹ ಕಾಯ್ದೆಯಲ್ಲಿ ಮದುವೆಯಾಗಿದ್ದರೆ ಅಲ್ಲೂ ವ್ಯಭಿಚಾರ ಕಾರಣವಾಗುತ್ತದೆ. ಹಿಂದೂ ಹೆಂಡತಿ ಗಂಡನ ಊರಿಗೇ ಹೋಗಿ ಕೇಸು ಹಾಕಬೇಕಿಲ್ಲ, ತಾನಿರುವ ಊರಿನ ಕೋರ್ಟಿನಲ್ಲೇ ಹಾಕಬಹುದು.

ಕಾಗದ ಬಿಚ್ಚಿ ನೋಡಿ

ಈಗ ದುಡ್ಡಿನ ಮಾತು. ನಮ್ಮ ದೇಶದ ಕಾನೂನಿನಲ್ಲಿ ವಿಚ್ಛೇದನವಾದರೆ ಆಸ್ತಿ ಅರ್ಧರ್ಧ ಎಂಬ ನಿಯಮ ಇಲ್ಲ. ಸಿನಿಮಾ ನೋಡಿ ಹಾಗೆಂದುಕೊಂಡಿದ್ದರೆ ಆ ಭ್ರಮೆ ಬಿಡಿ. ಯಾರ ಹೆಸರಿನಲ್ಲಿದೆಯೋ ಅವರದ್ದು, ಅದೇ ಮೂಲ ಲೆಕ್ಕ. ಆದ್ದರಿಂದ ಕಾಗದ ಎಲ್ಲಿದೆ, ಯಾರ ಹೆಸರಿನಲ್ಲಿದೆ ಎಂಬುದನ್ನು ಮದುವೆ ಚೆನ್ನಾಗಿರುವಾಗಲೇ ಗಂಡ ಹೆಂಡತಿ ಇಬ್ಬರೂ ತಿಳಿದಿರಬೇಕು. ಅದು ಅಪನಂಬಿಕೆಯಲ್ಲ, ಸಂಸಾರದ ಶಿಸ್ತು.

ಒಡವೆಯಿಂದ ಶುರುಮಾಡೋಣ. ತವರಿನವರು ಹಾಕಿದ್ದು, ಮದುವೆಯಲ್ಲಿ ಬಂಧುಗಳು ಅವಳ ಕೈಗೆ ಕೊಟ್ಟದ್ದು, ಎಲ್ಲ ಅವಳ ಸ್ತ್ರೀಧನ. ಅದು ಗಂಡ ಹೆಂಡಿರ ಜಂಟಿ ಆಸ್ತಿಯಲ್ಲ. ಕಷ್ಟಕಾಲದಲ್ಲಿ ಗಂಡ ಬಳಸಿಕೊಂಡರೂ ಹಿಂದಿರುಗಿಸುವ ಹೊಣೆ ಅವನದೇ ಎಂದು ಸುಪ್ರೀಂ ಕೋರ್ಟ್ 2024ರ ಏಪ್ರಿಲ್‌ನಲ್ಲಿ ಮತ್ತೊಮ್ಮೆ ಹೇಳಿದೆ. ಆದರೆ ಅದನ್ನು ಕೇಳಲು ಗುರುತು ಬೇಕಲ್ಲ? ಗಿರವಿ ಚೀಟಿ ಕೈಗೆ ತೆಗೆದುಕೊಂಡು ನೋಡಿ. ಅದರಲ್ಲಿ ಒಡವೆಯ ಹೆಸರು, ತೂಕ, ಸಾಲದ ಮೊತ್ತ, ತಾರೀಖು, ಕೊನೆಗೆ ಇಟ್ಟವರ ಹೆಸರು ಇರುತ್ತದೆ. ಬಹುತೇಕ ಮನೆಗಳಲ್ಲಿ ಆ ಕೊನೆಯ ಸಾಲಿನಲ್ಲಿ ಗಂಡನ ಹೆಸರು. ಸರ ಅವಳದ್ದು, ಚೀಟಿ ಅವನದ್ದು, ಬಿಡಿಸಿಕೊಳ್ಳುವ ಅಧಿಕಾರವೂ ಅವನದ್ದೇ. ನಾಳೆ ಆ ಸರ ಯಾರ ಕೊರಳಿಗೆ ಹೋಯಿತು ಎಂದು ಅಳುವುದಕ್ಕಿಂತ ಇವತ್ತು ಒಡವೆಗಳ ಫೋಟೋ ತೆಗೆದಿಡಿ, ಅಂಗಡಿಯ ರಸೀದಿ ಜೋಪಾನ ಮಾಡಿ, ಅಡ ಇಡಬೇಕಾಗಿ ಬಂದರೆ ನಿಮ್ಮ ಹೆಸರಿನಲ್ಲೇ ಇಡಿ.

ಸಾಲದ ಕಡೆ ಇನ್ನೂ ಎಚ್ಚರ ಬೇಕು. ನಮ್ಮ ಜಿಲ್ಲೆಯ ಹೆಣ್ಣುಮಕ್ಕಳು ಸ್ತ್ರೀಶಕ್ತಿ ಸಂಘದಲ್ಲಿ, ಮೈಕ್ರೋಫೈನಾನ್ಸಿನಲ್ಲಿ ತಮ್ಮ ಹೆಸರಿಗೆ ಸಾಲ ಎತ್ತಿ ಗಂಡನ ಕೈಗೆ ಕೊಡುತ್ತಾರೆ. ಗಂಡ ಅದನ್ನು ಆಟೋಗೆ ಹಾಕಿದನೋ ಇನ್ನೊಂದು ಮನೆಯ ಬಾಡಿಗೆಗೆ ಹಾಕಿದನೋ ಸಂಘಕ್ಕೆ ಸಂಬಂಧವಿಲ್ಲ. ಕಂತು ಕಟ್ಟಬೇಕಾದವಳು ಸಹಿ ಹಾಕಿದವಳು. ಗಂಡನ ಸಾಲಕ್ಕೆ ಜಾಮೀನು ನಿಂತಿದ್ದರೂ ಅದೇ ಕಥೆ. 1872ರ ಕರಾರು ಕಾಯ್ದೆಯ 128ನೇ ಕಲಮಿನ ಪ್ರಕಾರ ಸಾಲಗಾರನ ಹೊಣೆ ಎಷ್ಟೋ ಜಾಮೀನುದಾರನ ಹೊಣೆಯೂ ಅಷ್ಟೇ. ವಿಚ್ಛೇದನದ ತೀರ್ಪು ಬ್ಯಾಂಕಿನ ಸಾಲಪತ್ರದ ಸಹಿಯನ್ನು ಅಳಿಸುವುದಿಲ್ಲ. ಆದ್ದರಿಂದ ಸಂಬಂಧ ಹದಗೆಟ್ಟಿದೆ ಎಂದು ಗೊತ್ತಾದ ಮೇಲೆ ಯಾವ ಹೊಸ ಕಾಗದಕ್ಕೂ ಓದದೆ ಸಹಿ ಹಾಕಬೇಡಿ. ಮನೆಯ ಮೇಲೆ ಸಾಲ ಎತ್ತಿದ್ದಾರೆಯೇ ಎಂದು ತಿಳಿಯಲು ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ಇ.ಸಿ. (ಋಣಭಾರ ಪತ್ರ) ತೆಗೆಸಿ. ಜಮೀನಿದ್ದರೆ ಪಹಣಿ ತೆಗೆದು ನೋಡಿ. ಎರಡಕ್ಕೂ ಯಾರ ಅಪ್ಪಣೆಯೂ ಬೇಕಿಲ್ಲ.

ಆಮೇಲೆ ಪಿಎಫ್ ಮತ್ತು ವಿಮೆ. ಮದುವೆಗೆ ಮೊದಲು ಕೆಲಸಕ್ಕೆ ಸೇರಿದಾಗ ತಾಯಿಯ ಹೆಸರೋ ಅಣ್ಣನ ಹೆಸರೋ ನಾಮಿನಿಯಾಗಿ ಬರೆದಿರುತ್ತೀರಿ. 1952ರ ಪಿಎಫ್ ಯೋಜನೆಯಲ್ಲಿ ಮದುವೆಯಾದ ಕೂಡಲೇ ಆ ಹಳೆಯ ನಾಮಿನಿ ಬಿದ್ದುಹೋಗುತ್ತದೆ, ಹೊಸದಾಗಿ ಬರೆಯಬೇಕು. ಕುಟುಂಬ ಇರುವವನು ಕುಟುಂಬದ ಹೊರಗಿನವರ ಹೆಸರು ಬರೆದರೆ ಅದು ನಿಲ್ಲುವುದಿಲ್ಲ. ಹಾಗೆಯೇ ಹಿಂದೂ ನೌಕರ ಮೊದಲ ಹೆಂಡತಿ ಇರುವಾಗಲೇ ಇನ್ನೊಬ್ಬಳನ್ನು ಕಟ್ಟಿಕೊಂಡಿದ್ದರೆ ಆ ಎರಡನೆಯವಳಿಗೆ ಕುಟುಂಬ ಪಿಂಚಣಿ ದಕ್ಕುವುದಿಲ್ಲ. ಜೀವವಿಮೆಯನ್ನು 1874ರ ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆಯಡಿ ಹೆಂಡತಿ ಮಕ್ಕಳ ಹೆಸರಿಗೆ ಮಾಡಿಸಿದರೆ ಆ ಹಣ ಅವರದ್ದೇ. ಗಂಡನಿಗೆ ಸಾಲ ಕೊಟ್ಟವರೂ ಮುಟ್ಟುವಂತಿಲ್ಲ, ಮನಸ್ಸು ಬದಲಾದ ಗಂಡನೂ ಮುಟ್ಟುವಂತಿಲ್ಲ. ಪಾಲಿಸಿ ತೆಗೆದುಕೊಳ್ಳುವಾಗಲೇ ಆ ಒಂದು ಅರ್ಜಿ ಹೆಚ್ಚಿಗೆ ತುಂಬಿದರಾಯಿತು. ಹೊಸದಾಗಿ ಮದುವೆಯಾಗುವ ಗಂಡುಮಕ್ಕಳೇ, ಹೆಂಡತಿಗೆ ಕೊಡುವ ಉಡುಗೊರೆಗಳಲ್ಲಿ ಇದು ದೊಡ್ಡದು.

ಜೀವನಾಂಶ: ಶಿಕ್ಷೆಯಲ್ಲ, ಅನ್ನ

ಹಿಂದೆ 125 ಎನ್ನುತ್ತಿದ್ದ ಕಲಂ ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144. ಹೆಂಡತಿ, ಮಕ್ಕಳು, ವಯಸ್ಸಾದ ತಂದೆತಾಯಿ ಇದರಡಿ ಜೀವನಾಂಶ ಕೇಳಬಹುದು. ಧರ್ಮದ ಭೇದವಿಲ್ಲ. ಗಂಡ ಇನ್ನೊಂದು ಮದುವೆಯಾಗಿದ್ದರೆ ಅಥವಾ ಇನ್ನೊಬ್ಬಳನ್ನು ಇಟ್ಟುಕೊಂಡಿದ್ದರೆ, “ನನ್ನ ಜೊತೆ ಬಂದಿರು, ಆಗ ಸಾಕುತ್ತೇನೆ” ಎಂಬ ಅವನ ಮಾತಿಗೆ ಬೆಲೆಯಿಲ್ಲ. ಬೇರೆ ಇರಲು ಹೆಂಡತಿಗೆ ಅದೇ ಸಾಕಷ್ಟು ಕಾರಣ. ಮಧ್ಯಂತರ ಜೀವನಾಂಶದ ಅರ್ಜಿಯನ್ನು ಆದಷ್ಟೂ ನೋಟಿಸು ತಲುಪಿದ 60 ದಿನದೊಳಗೆ ತೀರ್ಮಾನಿಸಬೇಕೆಂದು ಕಾನೂನೇ ಹೇಳುತ್ತದೆ.

ಇದರ ಇನ್ನೊಂದು ಮುಖವನ್ನೂ ಕೇಳಿ. ಹೆಂಡತಿ ವ್ಯಭಿಚಾರದಲ್ಲಿ ಬದುಕುತ್ತಿದ್ದರೆ ಇದೇ ಕಲಮಿನಡಿ ಅವಳಿಗೆ ಜೀವನಾಂಶ ಇಲ್ಲ. ಆದರೆ ಒಮ್ಮೆ ಎಡವಿದ್ದಕ್ಕೆ ಈ ಮಾತು ಅನ್ವಯಿಸುವುದಿಲ್ಲ, ನಡೆ ಮುಂದುವರಿಯುತ್ತಿರಬೇಕು, ಅದನ್ನು ಸಾಬೀತು ಮಾಡುವ ಹೊಣೆ ಗಂಡನದ್ದು. ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ಜೀವನಾಂಶ ಕೇಳಿದ ಒಂದು ಪ್ರಕರಣದಲ್ಲೂ ಕರ್ನಾಟಕ ಹೈಕೋರ್ಟ್ 2023ರಲ್ಲಿ ಇದೇ ಕಾರಣಕ್ಕೆ ಹೆಂಡತಿಯ ಕೋರಿಕೆಯನ್ನು ಒಪ್ಪಲಿಲ್ಲ. ವಿಚ್ಛೇದನದ ನಂತರ ಸಿಕ್ಕ ಜೀವನಾಂಶವನ್ನೂ ನಡತೆಯ ಕಾರಣಕ್ಕೆ ಬದಲಿಸಲು ಹಿಂದೂ ವಿವಾಹ ಕಾಯ್ದೆಯ 25ನೇ ಕಲಮಿನಲ್ಲಿ ಅವಕಾಶವಿದೆ. ಮಕ್ಕಳ ಅನ್ನದ ಹಣಕ್ಕೆ ಮಾತ್ರ ಇದಾವುದೂ ಅಡ್ಡ ಬರುವುದಿಲ್ಲ. ತಾಯಿ ತಪ್ಪಿದಳೆಂದು ಮಗುವಿನ ಫೀಸು ನಿಲ್ಲಿಸುವಂತಿಲ್ಲ.

ಜೀವನಾಂಶದ ಕೇಸಿನಲ್ಲಿ ಇಬ್ಬರೂ ಆಸ್ತಿ ಮತ್ತು ಸಾಲದ ಪ್ರಮಾಣಪತ್ರ ಕೊಡಬೇಕೆಂದು 2020ರ ನವೆಂಬರ್ 4ರಂದು ರಜನೀಶ್–ನೇಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ವಿಧಿಸಿತು. ಆ ನಮೂನೆಯನ್ನು ಮೇಜಿನ ಮೇಲೆ ಹರಡಿ ಕೂತಾಗ ಜನರ ಮುಖ ನೋಡಬೇಕು. ಸಂಬಳ ಎಷ್ಟು, ಯಾವ ಯಾವ ಬ್ಯಾಂಕಿನಲ್ಲಿ ಖಾತೆ, ಮನೆ ಬಾಡಿಗೆ, ಗಾಡಿ, ಚಿನ್ನ, ವಿಮೆ, ಸಾಲದ ಕಂತು, ಮಕ್ಕಳ ಫೀಸು, ಔಷಧಿ, ಕರೆಂಟು, ಫೋನಿನ ಬಿಲ್ಲು, ಎಲ್ಲವನ್ನೂ ಪ್ರಮಾಣ ಮಾಡಿ ಬರೆಯಬೇಕು. ಗಂಡನ ಸಂಬಳ ಎಷ್ಟೆಂದೇ ತಿಳಿಯದ ಹೆಂಡತಿಯರು ಆ ಕಾಗದದ ಮುಂದೆ ಪೆನ್ನು ಹಿಡಿದು ಸುಮ್ಮನೆ ಕೂರುತ್ತಾರೆ. ಬೆಳಗಿನ ಜಾವ ಮಾರಿಕುಪ್ಪದಲ್ಲೋ ಉರಿಗಾಮಿನಲ್ಲೋ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುವವನ ಕಂಪನಿಯ ಹೆಸರು ಕೂಡ ಕೆಲವರಿಗೆ ಗೊತ್ತಿರುವುದಿಲ್ಲ. ಸಂಬಳದ ಚೀಟಿ, ಬ್ಯಾಂಕ್ ಪುಸ್ತಕದ ನಕಲು ಮನೆಯಲ್ಲಿರಲಿ. ಸುಳ್ಳು ಬರೆದವರು ಕೋರ್ಟಿನ ಕೋಪಕ್ಕೆ ಗುರಿಯಾಗುತ್ತಾರೆ, ಅದೂ ನೆನಪಿರಲಿ.

ತಪ್ಪು ಮಾಡಿದವನಿಗೆ ಬರೆ ಹಾಕುವಷ್ಟು ಜೀವನಾಂಶ ಸಿಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಜೀವನಾಂಶ ನಿಗದಿಗೆ 8 ಅಂಶಗಳನ್ನು ಪಟ್ಟಿ ಮಾಡಿತು. ಇಬ್ಬರ ಸ್ಥಿತಿಗತಿ, ಹೆಂಡತಿ ಮಕ್ಕಳ ಅಗತ್ಯ, ಓದು, ಕೆಲಸ, ಸಂಸಾರಕ್ಕಾಗಿ ಬಿಟ್ಟ ಉದ್ಯೋಗ, ಗಂಡನ ಶಕ್ತಿ, ಇಂಥವು. ಗಂಡನನ್ನು ದಂಡಿಸುವುದು ಉದ್ದೇಶವಲ್ಲ, ಹೆಂಡತಿ ಮರ್ಯಾದೆಯಿಂದ ಬದುಕುವುದು ಉದ್ದೇಶ ಎಂದು ಸ್ಪಷ್ಟವಾಗಿ ಹೇಳಿತು. ಆದರೆ ಕೊಡಬೇಕೆಂದು ಆದೇಶವಾದ ಮೇಲೆ ಕೊಡದೆ ಆಟವಾಡಿದರೆ ಸುಮ್ಮನೆ ಬಿಡುವುದಿಲ್ಲ. ಜೀವನಾಂಶದ ಡಿಕ್ರಿಗೆ ಸಂಬಳದ ಮೂರರಲ್ಲಿ ಎರಡು ಪಾಲಿನವರೆಗೂ ಜಪ್ತಿ ಮಾಡಬಹುದು. ಬಾಕಿ ಉಳಿಸಿಕೊಂಡವರನ್ನು ಮ್ಯಾಜಿಸ್ಟ್ರೇಟ್ ಜೈಲಿಗೂ ಕಳಿಸಬಹುದು.

ಫೋನು, ಸಾಕ್ಷಿ ಮತ್ತು ಮಗು

ಸಾಕ್ಷಿಯ ಹುಚ್ಚು ಹಿಡಿಸಿಕೊಳ್ಳಬೇಡಿ. ಗಂಡ ಹೆಂಡಿರ ನಡುವಿನ ಮಾತನ್ನು ಗುಟ್ಟಾಗಿ ರೆಕಾರ್ಡ್ ಮಾಡಿದ್ದರೂ ವೈವಾಹಿಕ ಕೇಸಿನಲ್ಲಿ ಅದನ್ನು ಸಾಕ್ಷಿಯಾಗಿ ಪರಿಗಣಿಸಬಹುದು ಎಂದು 2025ರ ಜುಲೈ 14ರಂದು ಸುಪ್ರೀಂ ಕೋರ್ಟ್ ಹೇಳಿದೆ. ಹಾಗೆಂದು ಊರವರ ಫೋನಿಗೆಲ್ಲ ಕೈಹಾಕಲು ಇದು ಪರವಾನಗಿ ಅಲ್ಲ. ಹೆಂಡತಿಯ ಸ್ನೇಹಿತನೆಂದು ಹೇಳಲಾದ ಒಬ್ಬರ ಮೊಬೈಲ್ ಟವರ್ ಮಾಹಿತಿ ತರಿಸಬೇಕೆಂದು ಗಂಡ ಕೇಳಿದಾಗ, ಮೂರನೆಯವರ ಖಾಸಗಿತನಕ್ಕೆ ಧಕ್ಕೆಯಾಗುತ್ತದೆ ಎಂದು ಕರ್ನಾಟಕ ಹೈಕೋರ್ಟ್ 2022ರಲ್ಲಿ ಒಪ್ಪಲಿಲ್ಲ. ವಾಟ್ಸಾಪ್ ಮಾತುಕತೆ, ಫೋಟೋ ನಿಮ್ಮ ಕೈಗೆ ಸಹಜವಾಗಿ ಬಂದಿದ್ದರೆ ಅಳಿಸದೆ ಇಟ್ಟುಕೊಳ್ಳಿ, ವಕೀಲರಿಗೆ ತೋರಿಸಿ. ಕೋರ್ಟಿಗೆ ಕೊಡುವಾಗ ಅದಕ್ಕೊಂದು ದೃಢೀಕರಣ ಪತ್ರ ಬೇಕು. ಕುಟುಂಬದ ಗ್ರೂಪಿಗೆ, ಸ್ಟೇಟಸ್‌ಗೆ ಮಾತ್ರ ಯಾವ ಕಾರಣಕ್ಕೂ ಹಾಕಬೇಡಿ. ಖಾಸಗಿ ಚಿತ್ರ ಹಂಚಿದವರ ಮೇಲೆಯೇ ಕೇಸು ಬೀಳುತ್ತದೆ. ಕೆಲಸಕ್ಕೆ ಬೆಂಗಳೂರಿಗೆ ಹೋಗಿ ಬರುವವರು ತಡವಾಗಿ ಬರುವುದು, ಸುಸ್ತಾಗಿ ಮಾತಾಡದಿರುವುದು ಯಾವುದಕ್ಕೂ ಸಾಕ್ಷಿಯಲ್ಲ. ನಮ್ಮೂರಿನ ಅರ್ಧ ಸಂಸಾರಗಳು ಆ ರೈಲಿನ ವೇಳೆಗೆ ಬದುಕುತ್ತಿವೆ.

ಎಲ್ಲಕ್ಕಿಂತ ನನಗೆ ಸಂಕಟ ತರುವುದು “ಮಗು ನನ್ನದೇ ಅಲ್ಲ” ಎಂಬ ಮಾತು. ಮದುವೆ ಊರ್ಜಿತದಲ್ಲಿರುವಾಗ ಹುಟ್ಟಿದ ಮಗು ಗಂಡನದ್ದೇ ಎಂದು ಕಾನೂನು ಭಾವಿಸುತ್ತದೆ. ಹೆಂಡತಿಯ ತಪ್ಪು ತೋರಿಸಲಿಕ್ಕೆಂದು ಮಗುವಿನ ಡಿಎನ್ಎ ಪರೀಕ್ಷೆಗೆ ಸುಲಭವಾಗಿ ಆದೇಶ ಕೊಡಬಾರದು, ಮಗುವಿಗೂ ತನ್ನದೇ ಆದ ಗೌರವವಿದೆ ಎಂದು 2023ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ದೊಡ್ಡವರ ಜಗಳದಲ್ಲಿ ಎಳೆಯ ಜೀವವನ್ನು ಸಾಕ್ಷಿಯ ಸಾಮಾನು ಮಾಡಬೇಡಿ. ಮಗು ಯಾರ ಹತ್ತಿರ ಇರಬೇಕು ಎಂಬುದೂ ಅದರ ಹಿತ ನೋಡಿ ತೀರ್ಮಾನವಾಗುತ್ತದೆ, ಅಪ್ಪ ಅಮ್ಮಂದಿರ ತಪ್ಪು ಒಪ್ಪುಗಳ ಬಹುಮಾನವಾಗಿ ಅಲ್ಲ.

ಮೂರನೆಯವರಿಗೆ, ದಾರಿ ತಪ್ಪುವವರಿಗೆ

ಮದುವೆಯಾದ ಗಂಡಸಿನ ಮಾತು ನಂಬಿ ಹೊರಟ ಹೆಣ್ಣುಮಗಳೇ, ನಿನ್ನ ಮೇಲೂ ನನಗೆ ಕಾಳಜಿ ಇದೆ. “ಅವಳನ್ನು ಬಿಟ್ಟು ನಿನ್ನನ್ನೇ ನೋಡಿಕೊಳ್ಳುತ್ತೇನೆ” ಎಂಬ ಮಾತಿಗೆ ಕಾನೂನಿನಲ್ಲಿ ಆಧಾರವಿಲ್ಲ. ಮದುವೆಯಾದವನೆಂದು ಗೊತ್ತಿದ್ದೂ ಬೆಂಗಳೂರಿನಲ್ಲಿ ಅವನ ಜೊತೆ ವರ್ಷಗಟ್ಟಲೆ ಬಾಳಿದ ಮಹಿಳೆಯೊಬ್ಬರಿಗೆ ಮ್ಯಾಜಿಸ್ಟ್ರೇಟ್ ತಿಂಗಳಿಗೆ 18,000 ರೂಪಾಯಿ ಕೊಡಿಸಿದ್ದರು. ಹೈಕೋರ್ಟ್ ಅದನ್ನು ತೆಗೆದುಹಾಕಿತು. 2013ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಗೊತ್ತಿದ್ದೂ ಕೂಡಿದ ಸಂಬಂಧ ಮದುವೆಯಂಥ ಸಂಬಂಧವಲ್ಲ ಎಂದಿತು. ಯೌವನದ ವರ್ಷಗಳನ್ನೆಲ್ಲ ಕೊಟ್ಟು ಕೊನೆಗೆ ಬರಿಗೈಯಲ್ಲಿ ನಿಲ್ಲುವ ದಾರಿ ಅದು. ಇನ್ನೊಬ್ಬರ ಸಂಸಾರ ಕೆಡಿಸಿದ್ದಕ್ಕೆ ಮೂರನೆಯವರ ಮೇಲೆ ಪರಿಹಾರದ ದಾವೆ ಹೂಡಲು ಹೆಂಡತಿಯೊಬ್ಬರಿಗೆ ದೆಹಲಿ ಹೈಕೋರ್ಟ್ 2025ರ ಸೆಪ್ಟೆಂಬರ್‌ನಲ್ಲಿ ದಾರಿ ಬಿಟ್ಟಿದೆ. ಅದು ಎಲ್ಲಿಗೆ ಮುಟ್ಟುತ್ತದೋ ಕಾದು ನೋಡಬೇಕು.

ಆದರೆ ಅಂಥ ಸಂಬಂಧದಲ್ಲಿ ಹುಟ್ಟಿದ ಮಗುವಿನ ಕೈಯನ್ನು ಕಾನೂನು ಬಿಡುವುದಿಲ್ಲ. ಮಗುವಿನ ಜೀವನಾಂಶ ತಂದೆಯ ಹೊಣೆ. ಊರ್ಜಿತವಲ್ಲದ ಎರಡನೇ ಮದುವೆಯಲ್ಲಿ ಹುಟ್ಟಿದ ಮಕ್ಕಳಿಗೂ, ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ತಂದೆತಾಯಿಗೆ ಬರಬೇಕಾದ ಪಾಲಿನಲ್ಲಿ ಹಕ್ಕಿದೆ ಎಂದು 2023ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಅದು ನಮ್ಮ ಕರ್ನಾಟಕದಿಂದಲೇ ಹೋದ ರೇವಣಸಿದ್ದಪ್ಪ ಪ್ರಕರಣ. ದಾರಿ ತಪ್ಪುವ ಗಂಡುಮಕ್ಕಳೇ, ಲೆಕ್ಕ ಹಾಕಿ ನೋಡಿ: ಒಂದು ಸಂಬಳ, ಎರಡು ಮನೆ, ಜೀವನಾಂಶದ ಆದೇಶ, ವಕೀಲರ ಫೀಸು, ನಿಮ್ಮ ಕಾಲಾನಂತರ ಎರಡು ಕಡೆಯ ಮಕ್ಕಳ ಪಾಲಿನ ದಾವೆ. ನೀವು ಕಣ್ಮುಚ್ಚಿದ ಮೇಲೂ ನಿಮ್ಮ ಮಕ್ಕಳು ಕೋರ್ಟಿನ ಬೆಂಚಿನ ಮೇಲೆ ಎದುರುಬದುರು ಕೂರುತ್ತಾರೆ. ಸರ್ಕಾರಿ ನೌಕರಿಯಲ್ಲಿದ್ದು ಇನ್ನೊಂದು ಮದುವೆಯಾದರೆ ಇಲಾಖೆಯ ವಿಚಾರಣೆಯೂ ಬರುತ್ತದೆ. ಸೈನ್ಯದಲ್ಲಿರುವವರ ವಿಷಯದಲ್ಲಂತೂ, 497 ರದ್ದಾಗಿದ್ದರೂ ಶಿಸ್ತುಕ್ರಮ ತೆಗೆದುಕೊಳ್ಳಬಹುದು ಎಂದು 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ.

ಕ್ಷಮಿಸುವುದಾದರೆ ಕಣ್ತೆರೆದು ಕ್ಷಮಿಸಿ

ಎಲ್ಲ ಮುರಿದ ನಂಬಿಕೆಯೂ ಕೋರ್ಟಿಗೇ ಬರಬೇಕಿಲ್ಲ. ತಪ್ಪೊಪ್ಪಿಕೊಂಡು ತಿದ್ದಿಕೊಂಡವರನ್ನು, ಅವರನ್ನು ಮನಸಾರೆ ಒಪ್ಪಿಕೊಂಡು ಮತ್ತೆ ಸಂಸಾರ ಕಟ್ಟಿದವರನ್ನು ನಾನು ಬಹಳ ಗೌರವಿಸುತ್ತೇನೆ. ಅದು ದೌರ್ಬಲ್ಯವಲ್ಲ. ಆದರೆ ಒಂದು ತಿಳಿದಿರಲಿ: ತಪ್ಪು ಗೊತ್ತಾದ ಮೇಲೂ ಕ್ಷಮಿಸಿ ದಾಂಪತ್ಯ ಮುಂದುವರಿಸಿದರೆ, ಅದೇ ಹಳೆಯ ತಪ್ಪನ್ನು ಮುಂದಿಟ್ಟು ವಿಚ್ಛೇದನ ಕೇಳುವುದು ಕಷ್ಟ. ಹಿಂದೂ ವಿವಾಹ ಕಾಯ್ದೆಯ 23ನೇ ಕಲಂ ಅದಕ್ಕೆ ಅಡ್ಡ ನಿಲ್ಲುತ್ತದೆ. ಹಾಗಾಗಿ ಕ್ಷಮಿಸುವುದಾದರೆ ಒತ್ತಾಯಕ್ಕೆ, ಊರವರ ಬಾಯಿಗೆ ಹೆದರಿ ಕ್ಷಮಿಸಬೇಡಿ, ಯೋಚಿಸಿ ಕ್ಷಮಿಸಿ. ಕ್ಷಮಿಸಿದ ಮೇಲೆ ದಿನಬೆಳಗಾದರೆ ಚುಚ್ಚಬೇಡಿ. ನಾಮಿನಿ, ಒಡವೆ, ಸಾಲದ ಕಾಗದಗಳನ್ನು ಸರಿಮಾಡಿಕೊಂಡೇ ಹೊಸದಾಗಿ ಶುರುಮಾಡಿ.

ಒಟ್ಟಿಗೆ ಬಾಳಲು ಆಗುವುದೇ ಇಲ್ಲ ಎಂದಾದರೆ, ಪರಸ್ಪರ ಒಪ್ಪಿಗೆಯ ವಿಚ್ಛೇದನ ಎಲ್ಲಕ್ಕಿಂತ ಕಡಿಮೆ ನೋವಿನ ದಾರಿ. ಒಂದು ವರ್ಷ ಬೇರೆ ಇದ್ದಿರಬೇಕು. ಅರ್ಜಿ ಹಾಕಿದ ಮೇಲಿನ 6 ತಿಂಗಳ ಕಾಯುವಿಕೆಯನ್ನು ತಕ್ಕ ಕಾರಣವಿದ್ದರೆ ಕೋರ್ಟು ಬಿಡಬಹುದು ಎಂದು 2017ರಲ್ಲಿ ತೀರ್ಮಾನವಾಗಿದೆ. ಮಕ್ಕಳ ಓದು, ಜೀವನಾಂಶ, ಒಡವೆ, ಸಾಲ, ಎಲ್ಲವನ್ನೂ ಒಪ್ಪಂದದಲ್ಲಿ ಬರೆಸಿ. ಯಾರು ಕೆಟ್ಟವರು ಎಂದು ಯಾರೂ ಸಾಬೀತು ಮಾಡಬೇಕಿಲ್ಲ.

ವಕೀಲರಿಗೆ ಕೊಡಲು ದುಡ್ಡಿಲ್ಲ ಎಂದು ಸುಮ್ಮನಿರಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಹೆಣ್ಣುಮಕ್ಕಳಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ಎಷ್ಟಿದ್ದರೂ ಉಚಿತ ವಕೀಲರು ಸಿಗುತ್ತಾರೆ. ಬಡವರಾದ ಗಂಡಸರಿಗೂ ಸಿಗುತ್ತಾರೆ. ಕಾನೂನು ನೆರವಿಗೆ 15100ಕ್ಕೆ, ಮಹಿಳೆಯರು ತುರ್ತು ನೆರವಿಗೆ 181ಕ್ಕೆ ಫೋನ್ ಮಾಡಿ. ಕೋರ್ಟಿನ ಆವರಣದಲ್ಲೇ ಇರುವ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ ಒಂದು ಅರ್ಜಿ ಬರೆದುಕೊಡಿ.

ಮದುವೆಯಾಗಲಿರುವವರೇ, ಮದುವೆಯಾದವರೇ, ಈ ವಾರ ಒಂದು ಸಂಜೆ ಇಬ್ಬರೂ ಒಟ್ಟಿಗೆ ಕೂತು ನಿಮ್ಮ ಕಾಗದಪತ್ರಗಳನ್ನು ಓದಿ. ಮದುವೆ ನೋಂದಣಿಯಾಗಿಲ್ಲದಿದ್ದರೆ ಮಾಡಿಸಿ. ಒಬ್ಬರ ಸಂಬಳ, ಸಾಲ, ವಿಮೆ ಇನ್ನೊಬ್ಬರಿಗೆ ಗೊತ್ತಿರಲಿ. ನಂಬಿಕೆ ಉಳಿಸಿಕೊಳ್ಳುವುದು ನಿಮ್ಮಿಬ್ಬರ ಕೈಯಲ್ಲಿದೆ. ಅದು ಮುರಿದ ದಿನವೂ ಮಕ್ಕಳ ಅನ್ನ, ಮನೆಯ ಸೂರು, ನಿಮ್ಮ ಮಾನ ಕೈಬಿಡದಂತೆ ನೋಡಿಕೊಳ್ಳಿ.